ಕಿರೀಟ ಇಟ್ಟ ಕೈ

ಲಂಡನ್ನಿನ ಪಾಮರ್ಸ್ ಗ್ರೀನಿನಲ್ಲಿ ಪಂಡಿತರೂ ಇದ್ದಾರೆ. ನಮ್ಮ ಮೇಲಿನ ಫ್ಲ್ಯಾಟಿನ ಪಾನಿಕೋಸ್ ಮದುವೆಗಳ ಪಂಡಿತ. ಸೈಪ್ರಸ್ಸಿನಿಂದ ಬಂದ ಗ್ರೀಕರ ಮಗ, ಹುಟ್ಟಿದ್ದು ಇಲ್ಲೇ. ಹೆಸರಿನಲ್ಲಿ ಕೋಸಿದ್ದರೂ ತರಕಾರಿ ಮುಟ್ಟದ ಮನುಷ್ಯ. ಗ್ರೀಕ್ ಮದುವೆಗಳ ಫೋಟೋ ತೆಗೆದೇ ಹೊಟ್ಟೆ ಹೊರೆದವನು. ಊಟಕ್ಕೆ ಮಾತ್ರ ಯಾವಾಗಲೂ ವಾದ್ಯದವರ ಮೇಜಿನ ತುದಿ.

“ಊರವರ ಮದುವೆ ಎಲ್ಲ ಇವ ತೆಗೀತಾನೆ, ಇವನದ್ದು ತೆಗಿಯುವವರು ಯಾರು ಮಾರಾಯ್ತಿ?” ಎಂದು ನನ್ನ ಗಂಡ ವಿಶ್ವನಾಥ ಅವನನ್ನು ಮೆಟ್ಟಿಲಲ್ಲಿ ಕಂಡಾಗಲೆಲ್ಲ ಗೊಣಗುತ್ತಿದ್ದರು.

ಉತ್ತರ ನನಗೆ ಗೊತ್ತಿತ್ತು. ತೊಂಬತ್ತನಾಲ್ಕರಲ್ಲಿ ಪಾನಿಕೋಸ್ ತಾಯಿ ಮರೂಲ್ಲಾರ ಮನೆಗೆ ಹೋಗಿ, ಅಡುಗೆಮನೆಯಲ್ಲಿ ಕೂತು, ತಾನು ಗೇ ಎಂದು ಹೇಳಿದ್ದ. ಆಕೆ “ಸೂಪು ಆರಿಹೋಗ್ತದೆ, ಕುಡಿ” ಎಂದಿದ್ದರು. ಹತ್ತು ವರ್ಷವಾದರೂ ಆ ಮಾತು ಮತ್ತೆ ಏಳಲಿಲ್ಲ. ಅಮ್ಮನ ಮನೆಯ ಭಾನುವಾರದ ಸೂಪು ಒಮ್ಮೆಯೂ ತಪ್ಪಲಿಲ್ಲ.

ಗ್ರೀಕರ ಮದುವೆಯಲ್ಲಿ ವಧೂವರರ ತಲೆಗೆ ಹೂವಿನ ಕಿರೀಟ ಇಡುತ್ತಾರೆ, ನಮ್ಮ ಬಾಸಿಂಗದ ದೂರದ ನೆಂಟ. ಎರಡನ್ನೂ ಒಂದೇ ಬಿಳಿ ರಿಬ್ಬನ್ನು ಹಿಡಿದಿರುತ್ತದೆ. ತನ್ನ ಕಿರೀಟ ತಾನೇ ಇಟ್ಟುಕೊಳ್ಳುವಂತಿಲ್ಲ, ತನ್ನವರೊಬ್ಬರು ಇಡಬೇಕು. ಒಬ್ಬರು ಸತ್ತರೆ ರಿಬ್ಬನ್ನು ಕತ್ತರಿಸಿ, ಅವರದನ್ನು ಅವರ ಜೊತೆಗೇ ಮಣ್ಣು ಮಾಡುವ ಮನೆಗಳೂ ಉಂಟು. ಪಾನಿಕೋಸನ ಅಪ್ಪ ಹೋದ ಮೇಲೆ ಮರೂಲ್ಲಾರ ದೇವರ ಪಟದ ಪಕ್ಕ ಒಂಟಿ ಕಿರೀಟ ಉಳಿದಿತ್ತು.

ಎರಡು ಸಾವಿರದ ನಾಲ್ಕರಲ್ಲಿ ಅವನು ತಾನು ತೆಗೆದ ಚಿತ್ರಗಳ ಪ್ರದರ್ಶನಕ್ಕೆ ಅಣಿಯಾದ. ಅವುಗಳಲ್ಲಿ ಅವನಂತೆಯೇ ಗಂಡಸರನ್ನು ಪ್ರೀತಿಸುವ ಗ್ರೀಕ್ ಗಂಡಸರು, ಕ್ಷೌರದವನು, ಬಸ್ ಡ್ರೈವರು, ತಮ್ಮ ತಮ್ಮ ಮನೆಯ ಕುರ್ಚಿಯಲ್ಲಿ ಕಿರೀಟ ತೊಟ್ಟು ಕೂತಿದ್ದರು. ಕೊನೆಯ ಚಿತ್ರ ಅವನದೇ. ಅದಕ್ಕೆ ಅಮ್ಮನ ಕಿರೀಟವೇ ಬೇಕು, ಅಮ್ಮನೇ ಇಡಬೇಕು ಎಂಬುದು ಅವನ ಆಸೆ.

ಮರೂಲ್ಲಾ ಕಿರೀಟವನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಕಳಿಸಿದರು. ತಾವು ಬರಲಿಲ್ಲ.

“ಮೊಣಕಾಲು ನೋವಂತೆ,” ಎಂದ ಪಾನಿಕೋಸ್, ನಮ್ಮ ಬಾಗಿಲಲ್ಲಿ ಡಬ್ಬಿ ಹಿಡಿದು. “ನಿನ್ನೆ ಚರ್ಚಿನಲ್ಲಿ ಎರಡು ಗಂಟೆ ನಿಂತಿದ್ದಳು. ನೀನು ಬರ್ತೀಯಾ, ಕಾಮಾಕ್ಷಿ?”

“ನನಗೆ ನಿಮ್ಮ ಶಾಸ್ತ್ರ ಗೊತ್ತಿಲ್ಲ.”

“ಕೈ ಇದೆಯಲ್ಲ, ಸಾಕು.”

ಕ್ಯಾಮರಾದ ಟೈಮರು ಮುಗಿಯುವಷ್ಟರಲ್ಲಿ ಕಿರೀಟ ಇಟ್ಟು ಸರಿಯಬೇಕಿತ್ತು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಚುರುಕುತನ ಕೈಕೊಟ್ಟಿತು. ನನ್ನ ಕೈ ಚಿತ್ರದಲ್ಲೇ ಉಳಿಯಿತು. ಬಳೆ ಸ್ವೆಟರಿನೊಳಗೆ ಸರಿದಿದ್ದರಿಂದ ಯಾವ ಊರಿನ ಕೈ ಎಂದು ತಿಳಿಯುವಂತಿರಲಿಲ್ಲ. ಪಾನಿಕೋಸ್ ಅದನ್ನೇ ಆರಿಸಿದ.

ಗ್ರಂಥಾಲಯದ ಮಹಡಿಯಲ್ಲಿ ಎರಡು ವಾರ ಪ್ರದರ್ಶನ. ಬಂದವರೆಲ್ಲ “ನಿಮ್ಮ ತಾಯಿಯ ಕೈಯಾ?” ಎನ್ನುತ್ತಿದ್ದರು. ಅವನು ನಕ್ಕು ಬೇರೆ ಚಿತ್ರ ತೋರಿಸುತ್ತಿದ್ದ. ಅಲ್ಲ ಎಂದು ಒಮ್ಮೆಯೂ ಹೇಳಲಿಲ್ಲ.

ಕೊನೆಯ ಮಧ್ಯಾಹ್ನ ನಾವಿಬ್ಬರೇ ಇದ್ದಾಗ ಕಪ್ಪು ಕೋಟಿನ ಮರೂಲ್ಲಾ ಬಂದರು. ಬೇರೆಯವರ ಮಕ್ಕಳನ್ನೆಲ್ಲ ದಾಟಿ ತಮ್ಮ ಮಗನ ಚಿತ್ರದ ಎದುರು ನಿಂತರು. ನನ್ನ ಕೈ ತಾನಾಗಿ ಜೇಬು ಸೇರಿತು.

“ಇದು ನನ್ನ ಕೈಯಲ್ಲ,” ಎಂದರು, ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ.

“ಅಲ್ಲ, ಅಮ್ಮಾ.”

“ಕಿರೀಟ ಎಡಕ್ಕೆ ವಾಲಿದೆ. ನಾನಾಗಿದ್ರೆ ನೆಟ್ಟಗೆ ಇಡ್ತಿದ್ದೆ.”



“ಕ್ಯಾಮರಾ ಮನೆಯಲ್ಲೇ ಇದೆ,” ಎಂದ ಪಾನಿಕೋಸ್.

ಮರೂಲ್ಲಾ ಕೈಗವಸು ಹಾಕಿಕೊಂಡರು. “ಭಾನುವಾರ ಡಬ್ಬಿ ವಾಪಸ್ ತಾ. ಸೂಪು ಮಾಡಿರ್ತೀನಿ.”

ಬಸ್ ಸ್ಟಾಪಿನವರೆಗೆ ಬರುತ್ತೇನೆಂದ. ಬೇಡವೆಂದರು. ಅವನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದ. ಅವರು ರಸ್ತೆ ದಾಟಿ ಹೋದರು, ಒಂದಿಷ್ಟೂ ಕುಂಟದೆ.