ಗೋಡೆಗೆ ಮುಖ ಮಾಡಿದ ಅಧ್ಯಕ್ಷರು

ನಮ್ಮ ಸಂಘದಲ್ಲಿ ಹಾಲಿಗೆ ಸಿಗುವ ಮರ್ಯಾದೆ ಮನುಷ್ಯರಿಗೆ ಸಿಗುವುದಿಲ್ಲ. ಅಳೆಯಲು ಬೇರೆ ಮೇಜು, ಪರೀಕ್ಷೆಗೆ ಯಂತ್ರ, ತಣ್ಣಗಿಡಲು ಒಂದು ದೊಡ್ಡ ಸ್ಟೀಲಿನ ಟ್ಯಾಂಕು, ಕರೆಂಟು ಹೋದರೆ ಆ ಟ್ಯಾಂಕಿಗೆಂದೇ ಜನರೇಟರು. ನಾನು ಆ ಹಾಲಿನ ಸಂಘದ ಕಾರ್ಯದರ್ಶಿ. ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನವೇ, ಇಷ್ಟೆಲ್ಲ ಇರುವ ಕಟ್ಟಡದಲ್ಲಿ ನನ್ನ ಹಾಲು ತೆಗೆಯಲು ಮಾತ್ರ ಜಾಗವಿಲ್ಲ ಎಂದು ಗೊತ್ತಾಯಿತು. ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಸಿಟ್ಟಿಗಿಂತ ಮೊದಲು ಆಶ್ಚರ್ಯವಾಯಿತು. ಇಷ್ಟು ವರ್ಷ ಓಡಾಡಿದ ಕಟ್ಟಡ ಇದು. ಇಲ್ಲಿ ಒಳಗಿನಿಂದ ಚಿಲಕ ಇರುವ ಬಾಗಿಲು ಯಾವುದು ಎಂದು ನಾನು ಒಂದು ದಿನವಾದರೂ ನೋಡಿದ್ದೆನೇ?

ನಮ್ಮ ಮನೆ ಈಶ್ವರಮಂಗಲದ ಹತ್ತಿರ. ಸಂಘ ಇರುವುದು ಜಾಲ್ಸೂರಿನಿಂದ ಒಳಗೆ. ಗಂಡ ಆ ಕಡೆಯ ತೋಟವೊಂದರಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುತ್ತಾರೆ. ಬೆಳಕು ಹರಿಯುವ ಮೊದಲು ಬೈಕಿನಲ್ಲಿ ನನ್ನನ್ನು ಸಂಘದ ಬಾಗಿಲಲ್ಲಿ ಇಳಿಸಿ ಹೋದರೆ ಮತ್ತೆ ಬರುವುದು ಸಂಜೆಯ ಹಾಲು ಮುಗಿದ ಮೇಲೆ. ನಡುವೆ ಮನೆಗೆ ಹೋಗಿ ಬರುತ್ತೇನೆಂದರೆ ಬಸ್ಸು ಕಾಯುವುದರಲ್ಲೇ ಹೊತ್ತು ಹೋಗುತ್ತದೆ. ಮಗಳಿಗೆ ಆಗ ಐದು ತಿಂಗಳು ತುಂಬಿರಲಿಲ್ಲ. ಹಗಲಿಡೀ ಅತ್ತೆಯ ಕೈಯಲ್ಲಿ ಇರುತ್ತಿದ್ದಳು. ಪುತ್ತೂರಿನ ಮೆಡಿಕಲ್ಲಿನಲ್ಲಿ ಕೈಯಲ್ಲಿ ಒತ್ತುವ ಪಂಪು ತಂದಿದ್ದೆ. ಇಂದು ತೆಗೆದದ್ದನ್ನು ತಣ್ಣಗೆ ಇಟ್ಟು ಮನೆಗೆ ಒಯ್ದರೆ ನಾಳೆಯ ಹಗಲಿಗೆ ಅವಳಿಗೆ ಅದೇ ಊಟ.

ಅತ್ತೆ ಒಳ್ಳೆಯವರು, ಆದರೆ ಲೆಕ್ಕ ಖಡಕ್. ಬಾಟಲಿಯನ್ನು ದೀಪಕ್ಕೆ ಹಿಡಿದು ನೋಡಿ, "ಇದು ಸಾಕಾಗುದಿಲ್ಲ ಮಗಾ. ಹೀಗೇ ಕಮ್ಮಿಯಾದ್ರೆ ದನದ ಹಾಲಿಗೆ ನೀರು ಸೇರಿಸಿ ಕೊಡುವ. ನಾವೆಲ್ಲ ಅದನ್ನೇ ಕುಡಿದು ಬೆಳೆದದ್ದಲ್ವಾ?" ಎನ್ನುತ್ತಿದ್ದರು. ಡಾಕ್ಟರು ಮಾತ್ರ ಆರು ತಿಂಗಳವರೆಗೆ ತಾಯಿಹಾಲು ಬಿಟ್ಟು ಬೇರೇನೂ ಬೇಡ ಎಂದಿದ್ದರು. ರಾಗಿ ಮಣ್ಣಿ ತಿನ್ನಿಸುವ ದಿನ ಬರುವವರೆಗೆ ಹೇಗಾದರೂ ನನ್ನ ಹಾಲು ನಿಲ್ಲಬಾರದು ಎಂಬುದೊಂದೇ ನನ್ನ ಹಟ. ದಿನವಿಡೀ ಊರವರ ಹಾಲಿಗೆ ಬಿಲ್ಲು ಹರಿಯುವವಳ ಮಗು ಹಾಲಿಗೆ ಬಾಯಿ ಬಿಡುವುದೆಂದರೆ ಏನರ್ಥ?

ಮೊದಲು ಬಾತ್‌ರೂಮಿಗೆ ಹೋದೆ. ಅಲ್ಲಿ ಹಾಲಿನ ಕ್ಯಾನು ತೊಳೆಯುವ ಸೋಡಾಪುಡಿಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು, ಕೂರಲು ಬಕೆಟ್ಟೇ ಗತಿ. ಮಗು ಕುಡಿಯುವ ವಸ್ತುವನ್ನು ಅಲ್ಲಿ ತೆಗೆಯಲು ಮನಸ್ಸು ಒಪ್ಪಲಿಲ್ಲ. ಮತ್ತೆ ಹಿಂಡಿ ಗೋದಾಮು. ಪಶು ಆಹಾರದ ಚೀಲಗಳ ಹಿಂದೆ ಸ್ಟೂಲ್ ಹಾಕಿ ಕೂತೆ. ಮೈಮೇಲೆಲ್ಲ ಹಿಂಡಿಯ ಧೂಳು, ಕಾಲ ಬಳಿ ಇಲಿ, ಹೊರಗೆ "ಮೇಡಂ ಎಲ್ಲಿ? ಒಂದು ಚೀಲ ಹಿಂಡಿ ಬೇಕಿತ್ತು" ಎಂಬ ದನಿ. ಕೈ ಸೋಲುವಷ್ಟು ಒತ್ತಿದರೂ ಬಾಟಲಿಯ ತಳ ಒದ್ದೆಯಾಗಲಿಲ್ಲ. ಎದೆ ಮಾತ್ರ ಕಲ್ಲಿನ ಹಾಗೆ ಬಿಗಿದು ನೋಯುತ್ತಿತ್ತು.

ಇದು ನನಗೆ ದೊಡ್ಡ ಒಗಟಾಯಿತು. ಹಾಲು ಒಳಗೆ ಇದೆ, ಹೊರಗೆ ಬರುವುದಿಲ್ಲ. ಅದೇ ದಿನ ಹಾಲು ಹಾಕಲು ಬಂದ ಒಬ್ಬಾಕೆಯ ಸೊಂಟದಲ್ಲಿದ್ದ ಮಗು ಅತ್ತಿತು ನೋಡಿ, ನಾನು ಕಂಪ್ಯೂಟರಿನ ಮುಂದೆ ಕೂತ ಹಾಗೇ ರವಿಕೆ ಒದ್ದೆ! ಅಳುವುದು ಯಾರ ಮಗುವೋ, ಒದ್ದೆಯಾದದ್ದು ನನ್ನ ರವಿಕೆ. ಬೇಕೆಂದಾಗ ಬಾರದ್ದು ಬೇಡವೆಂದಾಗ ಹೇಗೆ ಬಂತು? ಇದಕ್ಕೆ ಯಾರ ಅಪ್ಪಣೆ ಬೇಕು?

ಹಾಲು ಪರೀಕ್ಷೆ ಮಾಡುವ ಅಕ್ಕನ ಹತ್ತಿರ ಹೇಳಿಕೊಂಡೆ. ಸಂಘದ ಕೆಲಸಗಾರರಲ್ಲಿ ನಾವಿಬ್ಬರೇ ಹೆಂಗಸರು. ಅವರು ಬಿದ್ದು ಬಿದ್ದು ನಕ್ಕರು.

"ಅಲ್ಲ ಮಾರಾಯ್ತಿ, ದನವನ್ನು ಸಂತೆಯ ನಡುವೆ ಕಟ್ಟಿ ಕರೆದ್ರೆ ಹಾಲು ಕೊಡ್ತದಾ? ಹೊಸ ಹಟ್ಟಿಗೆ ತಂದ್ರೆ ನಾಲ್ಕು ದಿನ ಹಾಲು ಇಳಿಸದೆ ಮೇಲೆಯೇ ಇಟ್ಟುಕೊಳ್ತದೆ. ನೀನು ಇಲಿಯ ಮುಂದೆ ಕೂತು ಕೊಡು ಅಂದ್ರೆ ಹೇಗೆ?"

"ನಾನು ದನವಾ ಅಕ್ಕ?"

"ದನವಾದ್ರೆ ಇಷ್ಟರಲ್ಲಿ ನಿನಗೆ ಫ್ಯಾನ್ ಹಾಕ್ತಿದ್ರು," ಎಂದರು ಅಕ್ಕ.

ಅದು ಖಂಡಿತ ನಿಜ. ನಮ್ಮ ಸದಸ್ಯರಲ್ಲಿ ಹಟ್ಟಿಗೆ ಫ್ಯಾನು ಹಾಕಿಸಿದವರು, ಕರೆಯುವಾಗ ರೇಡಿಯೋ ಇಡುವವರು, ಕಾಲಡಿಗೆ ರಬ್ಬರ್ ಮ್ಯಾಟು ಹಾಸಿದವರು ಎಲ್ಲ ಇದ್ದಾರೆ.

ಆ ಅಕ್ಕನಿಗೂ ನನ್ನಷ್ಟೇ ಕುತೂಹಲ. ಒಂದು ಮಧ್ಯಾಹ್ನ, ಯಂತ್ರ ತೊಳೆಯುವ ಮೊದಲು, ಅಂದು ಹೇಗೋ ನನ್ನ ಬಾಟಲಿಗೆ ಇಳಿದಿದ್ದ ನಾಲ್ಕು ಚಮಚ ಹಾಲನ್ನು ನೋಡಿ, "ಒಂಚೂರು ಹಾಕಿ ನೋಡುವನಾ?" ಎಂದು ಕಣ್ಣು ಮಿಟುಕಿಸಿದರು. ಹಾಕಿದೆವು. ಫ್ಯಾಟು ಒಳ್ಳೆಯದೇ ಬಂತು. ನಾನು ಸೆಟೆದು ನಿಂತೆ. ಮರುಕ್ಷಣ ಯಂತ್ರ ನೀರು ಸೇರಿಸಲಾಗಿದೆ ಎಂದು ತೋರಿಸಿತು. ಥೂ ನಿನ್ನ! ದನದ ಹಾಲಿಗೆಂದು ಮಾಡಿದ ಯಂತ್ರ ಅದು, ಗೊತ್ತಿದೆ, ಆದರೂ ಹೊಟ್ಟೆ ಉರಿಯಿತು. ಹಾಲಿಗೆ ನೀರು ಹಾಕಿದ್ದೀರಿ ಎಂದಾಗ ಸದಸ್ಯರು ನನ್ನ ಮೇಲೆ ಯಾಕೆ ಹಾಗೆ ಎಗರುತ್ತಾರೆ ಎಂದು ಅವತ್ತು ಅರ್ಥವಾಯಿತು.

ಕೊನೆಗೆ ಉಳಿದದ್ದು ಆಡಳಿತ ಮಂಡಳಿಯ ಕೋಣೆ. ತಿಂಗಳಿಗೊಮ್ಮೆ ಮೀಟಿಂಗಿಗೆ ತೆರೆದರೆ ಉಳಿದ ದಿನ ಬೀಗ. ಬೀಗದ ಕೈ ನನ್ನ ಹತ್ತಿರವೇ ಇರುವುದು. ಒಳಗೆ ಉದ್ದದ ಮೇಜು, ಕುಶನ್ ಕುರ್ಚಿ, ಫ್ಯಾನು, ಮುಖ್ಯವಾಗಿ ಚಿಲಕ. ಯಾರನ್ನೂ ಕೇಳಲಿಲ್ಲ. ಅಧ್ಯಕ್ಷರನ್ನು ಕೇಳಬೇಕಿತ್ತೇನೋ, ಆದರೆ ಏನೆಂದು ಕೇಳುವುದು? ಹಿಂಡಿಯ ರೇಟು ಹೇಳುವ ಬಾಯಲ್ಲಿ ಆ ಮಾತು ಬರಲಿಲ್ಲ.

ಕೂತೆ, ಪಂಪು ತೆಗೆದೆ, ತಲೆ ಎತ್ತಿದೆ. ಎದುರು ಗೋಡೆಯ ತುಂಬ ಮಾಜಿ ಅಧ್ಯಕ್ಷರು! ಸಂಘ ಸ್ಥಾಪಿಸಿದವರಿಂದ ಹಿಡಿದು ಎಲ್ಲರ ಫೋಟೋ ಸಾಲಾಗಿ. ಒಬ್ಬರಿಗೆ ಪೇಟ, ಒಬ್ಬರಿಗೆ ದಪ್ಪ ಮೀಸೆ, ತೀರಿಕೊಂಡವರಿಗೆ ಪ್ಲಾಸ್ಟಿಕ್ ಹೂವಿನ ಹಾರ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಯ್ಯೋ ದೇವರೇ ಅನ್ನಿಸಿತು. ಬೆನ್ನು ಹಾಕಿ ಕೂತರೆ ಬೆನ್ನು ಉರಿದಂತಾಗುತ್ತಿತ್ತು. ಫೋಟೋಕ್ಕೆ ನಾಚುವುದುಂಟೇ ಎಂದು ನನಗೆ ನಾನೇ ಬೈದುಕೊಂಡೆ. ಆದರೆ ಹಾಲು ನನ್ನ ಮಾತು ಕೇಳಬೇಕಲ್ಲ!

ಕುರ್ಚಿ ಹತ್ತಿ ಒಬ್ಬೊಬ್ಬರನ್ನೇ ಗೋಡೆಗೆ ಮುಖ ಮಾಡಿ ತಿರುಗಿಸಿದೆ. "ಸ್ವಲ್ಪ ಹೊತ್ತು ಆಚೆ ನೋಡಿ," ಎಂದು ಬಾಯಿ ಬಿಟ್ಟೇ ಹೇಳಿದೆ. ಕೂತು ಕಣ್ಣು ಮುಚ್ಚಿ ಮಗಳನ್ನು ನೆನೆದೆ. ಬಂತು! ಮಗಳು ಕುಡಿಯುವಾಗ ಬರುವ ಹಾಗೆ ಚಿರ್ರೆಂದು ಬಂತು. ಖುಷಿಗೆ ಕಣ್ಣಲ್ಲೂ ನೀರು ಬಂತು. ಬಾಟಲಿಯನ್ನು ಸ್ಟೀಲಿನ ಡಬ್ಬಿಯಲ್ಲಿಟ್ಟು, ದನಗಳ ಔಷಧಿ ಇಡುವ ಫ್ರಿಜ್ಜಿನ ಮೇಲಿನ ಶೆಲ್ಫಿನಲ್ಲಿ ಇಟ್ಟೆ. ಅಧ್ಯಕ್ಷರುಗಳನ್ನು ಮೊದಲಿನಂತೆ ತಿರುಗಿಸಿ ಬೀಗ ಹಾಕಿದೆ. ಅಂದಿನಿಂದ ದಿನಾ ಇದೇ ಕೆಲಸ. ಅತ್ತೆ ದನದ ಹಾಲಿನ ಮಾತು ಬಿಟ್ಟರು.

ಹೀಗೆ ನಡೆಯುತ್ತಿರುವಾಗ ಒಂದು ದಿನ ಫೋಟೋಗಳನ್ನು ತಿರುಗಿಸಿ ಇನ್ನೇನು ಕೂರಬೇಕು, ಹೊರಗೆ ಹಾಲಿನ ಟ್ಯಾಂಕರಿನ ಹಾರ್ನ್. ಯಾವತ್ತೂ ತಡವಾಗಿ ಬರುವ ಟ್ಯಾಂಕರು ಅಂದು ಬೇಗ ಬಂದಿತ್ತು. ಬಾಗಿಲು ಎಳೆದುಕೊಂಡು ಓಡಿದೆ. ಹಾಲು ತುಂಬಿಸಿ ಕಳಿಸಿ ತಿರುಗುವಷ್ಟರಲ್ಲಿ ಅಂಗಳದಲ್ಲಿ ಬೈಕು, ಜೀಪು. ಅಧ್ಯಕ್ಷರು ಮರುದಿನ ಮದುವೆಯೊಂದಕ್ಕೆ ಹೋಗಬೇಕೆಂದು ಮೀಟಿಂಗನ್ನು ಅಂದೇ ಕರೆದಿದ್ದರು. ನನಗೆ ಹೇಳಲು ಮರೆತಿದ್ದರು. ನಿರ್ದೇಶಕರೆಲ್ಲ ಆಗಲೇ ಕೋಣೆಯೊಳಗೆ.

ನಾನು ಒಳಗೆ ಹೋದಾಗ ಯಾರೂ ಕೂತಿರಲಿಲ್ಲ. ಎಲ್ಲರೂ ಗೋಡೆ ನೋಡುತ್ತ ನಿಂತಿದ್ದರು. ನಿರ್ದೇಶಕರಲ್ಲಿ ಇಬ್ಬರು ಹೆಂಗಸರಿದ್ದಾರೆ, ಅವರಿಬ್ಬರೂ ಅಂದು ಬಂದಿರಲಿಲ್ಲ, ನನ್ನ ಗ್ರಹಚಾರ.

"ಇದು ಅವರದ್ದೇ ಕೆಲಸ ಮಾರಾಯ್ರೆ," ಎಂದರು ಅಧ್ಯಕ್ಷರು. ಸಂಘದ ಚುನಾವಣೆ ಹತ್ತಿರವಿತ್ತು. ಅವರು ಎಂದರೆ ಎದುರು ಪಾರ್ಟಿಯವರು. "ಹಿರಿಯರ ಮುಖ ಗೋಡೆಗೆ ತಿರುಗಿಸುದು ಅಂದ್ರೆ ಎಂತ ಅರ್ಥ? ನಾವೆಲ್ಲ ಮಗುಚಿ ಬೀಳ್ಬೇಕು ಅಂತ ಮಾಡಿದ್ದು!"

ನಿರ್ದೇಶಕರಲ್ಲಿ ಹಿರಿಯರೊಬ್ಬರಿದ್ದಾರೆ, ಸುಳ್ಯ ಕಡೆಯ ಗೌಡರು. ಮೊದಲ ಫೋಟೋ ಅವರ ತಂದೆಯದ್ದು, ಸಂಘ ಸ್ಥಾಪಿಸಿದವರು. ಮುದುಕರು ಆ ಫೋಟೋ ತಿರುಗಿಸಿ, ಹೆಗಲ ಮೇಲಿನ ಬೈರಾಸು ವಸ್ತ್ರದಿಂದ ಗಾಜು ಒರೆಸಿದರು.

"ಯಾರು ಅಂತ ನಾನು ಕೇಳುದಿಲ್ಲ," ಎಂದರು. "ನಾಳೆ ಬೆಳಿಗ್ಗೆ ದೈವದ ಹತ್ರ ತೆಂಗಿನಕಾಯಿ ಇಟ್ಟು ಹೇಳ್ತೇನೆ. ಮಾಡಿದವರನ್ನು ದೈವ ನೋಡಿಕೊಳ್ಳಲಿ."

ನನ್ನ ಜೀವ ಬಾಯಿಗೆ ಬಂತು. ನಮ್ಮ ಕಡೆ ದೈವದ ಹತ್ತಿರ ಹೇಳಿದ ಮಾತು ಹಿಂದಕ್ಕೆ ಬರುವುದಿಲ್ಲ. ಕೆಲಸ ಹೋದರೆ ಹೋಗಲಿ, ಮನೆಯಲ್ಲಿ ಹಾಲು ಕುಡಿಯುವ ಕೂಸು ಇದೆ.

"ಬೇಡ, ದೈವಕ್ಕೆ ಹೇಳ್ಬೇಡಿ," ಎಂದೆ. "ತಿರುಗಿಸಿದ್ದು ನಾನು."

"ನೀವಾ? ಎಂತಕ್ಕೆ?"

ಎಷ್ಟೋ ಹೊತ್ತಿನಿಂದ ತುಂಬಿ ನಿಂತಿದ್ದ ಹಾಲು ಅದೇ ಗಳಿಗೆಯಲ್ಲಿ ಇಳಿಯತೊಡಗಿತು. ಸೆರಗನ್ನು ಎಳೆದು ಹೊದ್ದುಕೊಂಡೆ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ನಾನು ಮಗುವಿಗೆ ಹಾಲು ತೆಗೆದಿಡುದು ಈ ಕೋಣೆಯಲ್ಲಿ. ಬೇರೆ ಜಾಗ ಇಲ್ಲ. ಇವರೆಲ್ಲ ನೋಡುವಾಗ ನಾಚಿಕೆ ಆಗ್ತದೆ. ಅದಕ್ಕೆ ತಿರುಗಿಸಿದ್ದು."

ಒಬ್ಬರು ಕೆಮ್ಮಿದರು. ಒಬ್ಬರಿಗೆ ಮೊಬೈಲಿನಲ್ಲಿ ತುರ್ತು ಕೆಲಸ ಬಂತು. ಅಧ್ಯಕ್ಷರು ಮೇಜಿನ ಮೇಲಿನ ಪೇಪರ್‌ವೈಟನ್ನು ತಿರುಗಿಸುತ್ತ, "ಅಲ್ಲ, ಸಣ್ಣ ಮಗು ಇರುವಾಗ ಇನ್ನೂ ಸ್ವಲ್ಪ ಸಮಯ ಮನೆಯಲ್ಲೇ ಇರಬಹುದಿತ್ತಲ್ಲ," ಎಂದರು.

ಆಗ ನನಗೆ ನಿಜವಾಗಿ ರೇಗಿತು. "ಕರು ಹಾಕಿದ ದನವನ್ನು ಮನೆಯಲ್ಲೇ ಇರು, ಸಂಘಕ್ಕೆ ಹಾಲು ಬೇಡ ಅಂತ ನೀವು ಯಾರಾದ್ರೂ ಹೇಳ್ತೀರಾ? ಕರುವಿಗೆ ಅಂತ ಒಂದು ಮೊಲೆಯ ಹಾಲು ಬಿಟ್ಟೇ ನೀವೆಲ್ಲ ಕರೆಯುದಲ್ವಾ? ನನ್ನ ಮಗುವಿನ ಪಾಲು ಬಿಡ್ಲಿಕ್ಕೆ ಒಂದು ಕೋಣೆ ಕೇಳುದು ತಪ್ಪಾ?" ಎಂದೆ. ಇಷ್ಟು ಮಾತು ನನ್ನ ಬಾಯಿಂದ ಹೇಗೆ ಬಂತೋ! ಬಾಗಿಲ ಹೊರಗೆ ಪರೀಕ್ಷೆಯ ಅಕ್ಕ ಬಾಯಿಗೆ ಸೆರಗು ಒತ್ತಿ ನಿಂತಿದ್ದರು.

ಹಿರಿಯರು ತಂದೆಯ ಫೋಟೋವನ್ನೇ ನೋಡುತ್ತಿದ್ದರು.

"ಇವತ್ತಿನದ್ದು ಆಯ್ತಾ?" ಎಂದು ಕೇಳಿದರು, ನನ್ನ ಕಡೆ ತಿರುಗದೆ.

"ಯಾವುದು?"

"ಮಗುವಿಂದು."

"ಇಲ್ಲ. ಟ್ಯಾಂಕರ್ ಬಂತು."

"ಬನ್ನಿ ಬನ್ನಿ, ಮೀಟಿಂಗ್ ಹೊರಗೆ ಮಾಡುವ," ಎಂದು ಅವರು ಕುರ್ಚಿಯೊಂದನ್ನು ತಾವೇ ಎತ್ತಿದರು. ಹಿರಿಯರು ಎತ್ತಿದ ಮೇಲೆ ಉಳಿದವರು ಸುಮ್ಮನೆ ನಿಲ್ಲುವ ಹಾಗುಂಟೇ? ನಿರ್ದೇಶಕರೆಲ್ಲ ಕುರ್ಚಿ ಹಿಡಿದುಕೊಂಡು ಒಬ್ಬರ ಹಿಂದೆ ಒಬ್ಬರು ಹಾಲು ಅಳೆಯುವ ಜಗಲಿಗೆ ನಡೆದರು. ಅಧ್ಯಕ್ಷರು ಕೊನೆಯವರು, ಪೇಪರ್‌ವೈಟು ಕೈಯಲ್ಲೇ ಇತ್ತು.

ಹಿರಿಯರು ಕುರ್ಚಿಯನ್ನು ಹೊರಗಿಟ್ಟು ಮತ್ತೆ ಒಳಗೆ ಬಂದರು. ಏನೋ ಮರೆತಿದ್ದಾರೆ ಎಂದುಕೊಂಡೆ.

"ನಮ್ಮ ಅಮ್ಮ ಹಾಲು ಕರೆಯುವಾಗ ಅಪ್ಪ ನಮ್ಮನ್ನು ಯಾರನ್ನೂ ಹಟ್ಟಿಯ ಹತ್ರ ಬಿಡ್ತಿರ್ಲಿಲ್ಲ," ಎಂದರು. "ಶಬ್ದ ಮಾಡಿದ್ರೆ ಬೆತ್ತ. ತಾನೂ ಹಟ್ಟಿಯ ಕಡೆ ಹೋಗ್ತಿರ್ಲಿಲ್ಲ. ಜಗಲಿಯಲ್ಲಿ ಹಟ್ಟಿಗೆ ಬೆನ್ನು ಹಾಕಿ ಕೂತ್ಕೊಳ್ತಿದ್ರು. ಅವರಿಗೆ ಅಭ್ಯಾಸ ಉಂಟು."

ಹಾಗೆ ಹೇಳಿ, ಆಗಷ್ಟೇ ಒರೆಸಿ ನೇರ ಮಾಡಿದ್ದ ತಂದೆಯ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಗೋಡೆಗೆ ತಿರುಗಿಸಿದರು. ಹಾರ ಸರಿ ಮಾಡಿದರು. ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ನಾನು ಚಿಲಕ ಹಾಕಿ ಕೂತೆ.