ಬೀರಣ್ಣನ ಬೋಣಿ

ನನ್ನ ಮೊಮ್ಮಗಳು ನಾಗವೇಣಿ ಪೊಲೀಸ್ ಆದಳು. ಬೆಳಿಗ್ಗೆ ಕಾರವಾರದಿಂದ ಆರ್ಡರು ಬಂತು. ಮೂರನೇ ಇಯತ್ತೆ ಕಲಿತ ಮೀನು ಮಾರುವವಳು ನಾನು, ದಾರಿಯಲ್ಲಿ ಸಿಕ್ಕವರ ಬಾಯಿಗೆಲ್ಲ ಸಕ್ಕರೆ ಹಾಕಿದೆ. ಆದರೆ ಅವಳಿಗೆ ಓಟ ಕಲಿಸಿದ ಬೀರಣ್ಣ ಹವಾಲ್ದಾರರ ಮಾನ ಕಳೆದವಳೂ ನಾನೇ — ಸುಳ್ಳು ಹೇಳಿ, ಬೇಕೆಂದೇ. ಸಂತೋಷದ ಜೊತೆ ಇದೂ ಉಕ್ಕಿ ಬರುತ್ತಿದೆ.

ಅಂಕೋಲೆ ಮೀನುಪೇಟೆಯಲ್ಲಿ ದಿನದ ಮೊದಲ ವ್ಯಾಪಾರಕ್ಕೆ, ಬೋಣಿಗೆ, ಕೊಳ್ಳುವವರ ಕೈಗುಣ ನೋಡುತ್ತೇವೆ. ಕೆಲವರು ಮುಟ್ಟಿದರೆ ಬುಟ್ಟಿ ಬೇಗ ಖಾಲಿ. ಬೀರಣ್ಣನ ಕೈ ಅಂಥದು. ಠಾಣೆಗೆ ಹೋಗುವ ಮುಂಚೆ ಬರುತ್ತಿದ್ದರು. ಪುಕ್ಕಟೆ ಒಂದು ತಾರ್ಲೆ ಮೀನೂ ಒಯ್ದವರಲ್ಲ. ಸಮುದ್ರ ಹೆಣ ತಂದು ಹಾಕಿದರೆ, ಯಾರೂ ಮುಟ್ಟದಿದ್ದಾಗ ತಾವೇ ಎತ್ತುವ ಮನುಷ್ಯ. ಅವರಿಗಾಗಿ ನಾವು ಹೆಂಗಸರು ಜಗಳ ಆಡುತ್ತಿದ್ದೆವು — "ಬೀರಣ್ಣ, ನಿನ್ನೆ ಅವಳ ಬುಟ್ಟಿ ಮುಟ್ಟಿದ್ಯಲ್ಲ, ನಾನೇನು ಸವತಿ ಮಗಳಾ?"

ನನ್ನ ಮಗ ಉದಯ ಗೋವೆಯಿಂದ ಕದ್ದು ಸರಾಯಿ ತರುತ್ತಿದ್ದ. ಹಿಡಿದವರು ಬೀರಣ್ಣ. ಕಾಲು ಹಿಡಿದೆ.

"ಇವತ್ತು ಬಿಟ್ರೆ ನಾಳೆ ಇವನ ಹೆಣಾನೂ ನಾನೇ ಹೊರ್ಬೇಕಾಗ್ತದೆ, ತಂಗಿ," ಅಂದರು. ಬಿಡಲಿಲ್ಲ.

ಮಾರನೇ ಬೆಳಿಗ್ಗೆ ನನ್ನ ಬುಟ್ಟಿಗೇ ಮೊದಲು ಕೈ ಹಾಕಿದರು, ಸಮಾಧಾನಕ್ಕೇ ಇರಬೇಕು. ಅವರು ಹೋದ ಮೇಲೆ ಬಂದ ಗಿರಾಕಿಗಳಿಗೆಲ್ಲ ದರ ಏರಿಸಿ ಹೇಳಿ ಓಡಿಸಿದೆ. ಮಧ್ಯಾಹ್ನ ಬುಟ್ಟಿ ತುಂಬ ಹಾಳಾದ ಬಂಗಡೆಯನ್ನು ಎಲ್ಲರ ಎದುರು ಗಟಾರಕ್ಕೆ ಸುರಿದೆ.

"ನೋಡ್ರೇ. ಹೆಣ ಮುಟ್ಟೋ ಕೈ ಅದು."

ಆ ಮಾತು ಮೀನಿಗಿಂತ ಬೇಗ ಮಾರಾಟವಾಯಿತು. ಅವರು ಬಂದರೆ ಬುಟ್ಟಿಗಳ ಮೇಲೆ ಗೋಣಿ ಬೀಳತೊಡಗಿತು. "ಹವಾಲ್ದಾರ್ರೆ, ಸಂಜೆ ಬನ್ನಿ." ಯಾರು ಹಬ್ಬಿಸಿದ್ದೆಂದು ಅವರಿಗೆ ತಿಳಿದಿತ್ತು, ನನ್ನ ಕಣ್ಣನ್ನು ಒಮ್ಮೆ ನೋಡಿದರು, ಅಷ್ಟೇ. ಆಮೇಲೆ ಬದುಕಿರುವ ತನಕ ಸಂಜೆಯೇ ಬಂದು, ಪೇಟೆಯ ತುದಿಯಲ್ಲಿ ನಿಂತು, ಕಣ್ಣು ಕೆಂಪಾದ ಹಳಸಲು ಮೀನು ಒಯ್ದರು. ನಾನೊಮ್ಮೆ ಬೋಣಿಗೆ ಕರೆದಿದ್ದರೆ ಸಾಕಿತ್ತು... ಉದಯ ಆ ದಂಧೆ ಬಿಟ್ಟು ರಿಕ್ಷಾ ಹಿಡಿದ ಮೇಲೂ ಕರೆಯಲಿಲ್ಲ. ನಿವೃತ್ತಿಯಾದ ಮುದುಕ ನನ್ನ ಮೊಮ್ಮಗಳನ್ನು ಪೊಲೀಸ್ ಆಯ್ಕೆಗೆಂದು ದಿನಾ ಮರಳಲ್ಲಿ ಓಡಿಸುವಾಗಲೂ — ಇಲ್ಲ.

ಹೋದ ವರ್ಷ ತೀರಿಕೊಂಡರು. ಊರವರು ಸಭೆ ಮಾಡಿ ಹೊಗಳಿದರು. ನನಗೂ ಮೈಕು ಕೊಟ್ಟರು. "ಅವರ ಕೈ ಭಾರೀ ಒಳ್ಳೇದು," ಅಂದೆ. ಪೇಟೆಯ ಹೆಂಗಸರು ನನ್ನನ್ನೇ ನೋಡಿದರು... ಕೂತುಬಿಟ್ಟೆ.

ಈ ಸಂಜೆ ನಾಗವೇಣಿ, ಬೀರಣ್ಣನ ಹೆಂಡತಿ ಲಕ್ಷ್ಮಕ್ಕನನ್ನು ಊಟಕ್ಕೆ ಕರೆತಂದಳು. ಮಗ, ಸೊಸೆ, ಎಲ್ಲರೂ ಕೂತರು. ಬೆಳಗಿನ ಇಸ್ವಣ ಮೀನಿನ ದೊಡ್ಡ ತುಂಡನ್ನು ಲಕ್ಷ್ಮಕ್ಕನಿಗೆ ಬಡಿಸಿದೆ.

"ಎಷ್ಟು ತಾಜಾ ಅದೆ," ಅಂದರು. "ನಮ್ಮವ್ರಿಗೆ ಬೆಳಗಿನ ಮೀನು ಸೇರ್ತಾನೇ ಇರ್ಲಿಲ್ಲ ನೋಡು. ಸಂಜೆದೇ ರುಚಿ ಅಂತಿದ್ರು. ನಾನೂ ಹಾಗೇ ಉಂಡೆ, ಇಷ್ಟು ವರ್ಷ."

ಎಲ್ಲರೂ ನಕ್ಕರು. ನನಗೆ ಆಗಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ — ದರ ಏರಿಸಿದ್ದು, ಗಟಾರ, ಹೆಣದ ಮಾತು.

ಲಕ್ಷ್ಮಕ್ಕ ಕೇಳಿದ್ದು ಒಂದೇ. "ಅವ್ರಿಗೆ ಗೊತ್ತಿತ್ತಾ?"

"ಗೊತ್ತಿತ್ತು, ಅಕ್ಕ."

ಅವರು ಮೀನಿನ ತುಂಡನ್ನು ತಟ್ಟೆಯ ಅಂಚಿಗೆ ಸರಿಸಿ, ಬರೀ ಅನ್ನ ಕಲಸತೊಡಗಿದರು. ನಾಗವೇಣಿ ನನ್ನ ಕೈಯಿಂದ ಸೌಟು ತೆಗೆದುಕೊಂಡು ಅವರಿಗೆ ಸಾರು ಬಡಿಸಿದಳು, ಆಮೇಲೆ ಅಪ್ಪನಿಗೆ, ಅಮ್ಮನಿಗೆ. ನನ್ನ ತಟ್ಟೆಗೆ ಯಾರೂ ಬಡಿಸಲಿಲ್ಲ. ನಾನೇ ಬಡಿಸಿಕೊಂಡು ಅವರೊಟ್ಟಿಗೆ ಕೂತು ಉಂಡೆ.