ನನ್ನ ಕಾಲು ಮುರಿದ ತಮ್ಮ

ಲಾಯಿಲ ಪೇಟೆಯಲ್ಲಿ ಬಂಗುಡೆ ಮೀನು ಕೊಂಡು ರಸ್ತೆ ಬದಿಯಲ್ಲಿ ನಡೆಯುತ್ತಿದ್ದೆ. ಹಿಂದಿನಿಂದ ಬಂದ ಕಾರಿನ ಬಂಪರ್ ಬಲಗಾಲಿಗೆ ಬಡಿಯಿತು. ಮೊಣಕಾಲಿನ ಕೆಳಗೆ ಎಲುಬು ಮುರಿದ ಸದ್ದು ನನಗೇ ಕೇಳಿಸಿತು. ಮೀನು ಒಂದು ಕಡೆ, ನಾನು ಒಂದು ಕಡೆ. ಒಂದು ಚಪ್ಪಲಿ ಸಿಗಲೇ ಇಲ್ಲ.

ನಾನು ಹೈಸ್ಕೂಲ್ ಟೀಚರು, ಬೈಯುವುದರಲ್ಲಿ ತಾಲೂಕಿಗೇ ಹೆಸರು. ಕಾರಿನಿಂದ ಇಳಿದವನಿಗೆ ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಮೀನು ಮಾರುವ ಹೆಂಗಸು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಯಾವ ಮನೆ, ಯಾವ ಬರಿ ಎಂದು ಅವನನ್ನು ವಿಚಾರಿಸತೊಡಗಿದಳು. ಬರಿ ಎಂದರೆ ತಾಯಿಯ ಕಡೆಯಿಂದ ಬರುವ ಕುಲ. ನಮ್ಮ ತುಳುವರಲ್ಲಿ ಅದನ್ನು ಕೇಳದೆ ಮದುವೆಯೂ ಆಗುವುದಿಲ್ಲ, ಜಗಳವೂ ಆಗುವುದಿಲ್ಲ. ಅವನು ಹೇಳಿದ್ದು ನನ್ನದೇ ಬರಿ. ಒಂದೇ ಬರಿಯವರು ಒಡಹುಟ್ಟಿದವರ ಲೆಕ್ಕ.

“ಹಾಗಾದ್ರೆ ನಿಮ್ಮ ತಮ್ಮನೇ ಆಯ್ತಲ್ಲ ಟೀಚರೇ,” ಎಂದಳು ಅವಳು, ದೊಡ್ಡ ಉಪಕಾರ ಮಾಡಿದವಳ ಹಾಗೆ. ಸುತ್ತ ನಿಂತವರಿಗೆಲ್ಲ ಸಮಾಧಾನವಾಯಿತು. ಆಗಷ್ಟೇ ಸಿಕ್ಕಿದ ತಮ್ಮನಿಗೆ ಎಲ್ಲರೆದುರು ಬೈಯುವುದು ಹೇಗೆ? ತೆರೆದ ಬಾಯಿ ಮುಚ್ಚಿಕೊಂಡೆ.

ಆಸ್ಪತ್ರೆಯಲ್ಲಿ ಎಲುಬಿಗೆ ರಾಡ್ ಹಾಕಿದರು. ಗಲ್ಫ್‌ನಿಂದ ರಜೆಗೆ ಬಂದಿದ್ದ ನನ್ನ ಹೊಸ ತಮ್ಮ ದಿನಾ ಕೋಳಿ ಸಾರಿನ ಜೊತೆ ಕೋರಿ ರೊಟ್ಟಿ ಹಿಡಿದುಕೊಂಡು ಹಾಜರು. ಪಾಪ, ಹುಡುಗ ಇಳಿದುಹೋಗಿದ್ದಾನೆ ಎಂದು ಅಮ್ಮ ನನ್ನ ಪಾಲಿನ ಮೊಟ್ಟೆಯನ್ನೂ ಅವನಿಗೇ ಕೊಟ್ಟಳು. ಮುರಿದದ್ದು ಯಾರ ಕಾಲು ಎಂದು ನನಗೇ ಅನುಮಾನ ಬಂತು. ನೋವಿಗಿಂತ ಬೈಯುವ ಆಸೆಯೇ ಹೆಚ್ಚು ಕಾಡುತ್ತಿತ್ತು. ಫಿಸಿಯೋಥೆರಪಿಯವರು ಮೊಣಕಾಲು ಮಡಚಿಸುವಾಗ ಗೋಡೆಗೆ ಬೈದು ನೋಡಿದೆ, ಸಾಕಾಗಲಿಲ್ಲ.

ಒಂದು ಮಧ್ಯಾಹ್ನ ಅಮ್ಮ ಚಾ ತರಲು ಹೋದಾಗ ಅವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಕಣ್ಣು ಕೆಂಪಾಗಿತ್ತು.

“ಅಕ್ಕ, ನೀವಾದ್ರೂ ನನಗೆ ಒಮ್ಮೆ ಬೈಯಿರಿ. ಎಲ್ಲರೂ ಪರವಾಗಿಲ್ಲ ಅಂತಲೇ ಹೇಳ್ತಾರೆ. ಕಣ್ಣು ಮುಚ್ಚಿದ್ರೆ ನೀವು ಬಿದ್ದದ್ದೇ ಕಾಣ್ತದೆ. ಆವತ್ತಿಂದ ನಿದ್ದೆಯೇ ಇಲ್ಲ.”

ನನಗೆ ಸಂತೋಷವೂ ಆಯಿತು, ಸಂಕಟವೂ ಆಯಿತು. ದಿಂಬಿಗೆ ಒರಗಿ ಶುರು ಮಾಡಿದೆ. ಕಣ್ಣು ನೆತ್ತಿಯ ಮೇಲಿತ್ತಾ ಎಂದು ಕೇಳಿದೆ. ಅವನಿಗೆ ಲೈಸೆನ್ಸ್ ಕೊಟ್ಟವರನ್ನೂ, ಡ್ರೈವಿಂಗ್ ಕಲಿಸಿದವರನ್ನೂ ಬಿಡಲಿಲ್ಲ. ಪಕ್ಕದ ಮಂಚದವರು ಕೇಳಲು ಎದ್ದು ಕುಳಿತರು. ಕಾರಿನ ಬಣ್ಣದ ವಿಷಯಕ್ಕೆ ಬರುವಷ್ಟರಲ್ಲಿ ಅವನ ತಲೆ ನನ್ನ ಮಂಚದ ಅಂಚಿಗೆ ವಾಲಿತ್ತು. ಸಣ್ಣ ಗೊರಕೆ ಕೇಳಿಸುತ್ತಿತ್ತು.

ಬೈಗುಳ ಇನ್ನೂ ಅರ್ಧ ಬಾಕಿ ಇತ್ತು. ಅಮ್ಮ ಚಾ ಹಿಡಿದುಕೊಂಡು ಬಂದಳು. ಸದ್ದು ಮಾಡಬೇಡ ಎಂದು ಸನ್ನೆ ಮಾಡಿದೆ.